ದಧಿಮರ್ಯಾದೆಯೂ ಜೀವಾಣುಜನ್ಯ ನಿರೋಧಕದ್ರವ್ಯಗಳೂ

(೧)

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಫಲ್ಗುಣೀ ನದಿಯ ದಡದ ಮೇಲಿರುವ ವೇಣೂರು ಕನ್ನಡನಾಡಿನ ಜೈನಕ್ಷೇತ್ರಗಳಲ್ಲಿ ಪ್ರಸಿದ್ಧವಾದುದು. ಅಜಿಲವಂಶದ ತಿಮ್ಮಣ್ಣಾಜಿಲನು ಕ್ರಿ. ಶ. ೧೬೦೪ರಲ್ಲಿ ಅಲ್ಲಿ ಪ್ರತಿಷ್ಠೆ ಮಾಡಿಸಿದ ಬಾಹುಬಲಿಸ್ವಾಮಿಯ ಏಕಶಿಲಾವಿಗ್ರಹಕ್ಕೆ ೨೦೧೨ರಲ್ಲಿಯೂ ೨೦೨೪ರಲ್ಲಿಯೂ ಮಹಾಮಸ್ತಕಾಭಿಷೇಕವು ನಡೆಯಿತು. ಆ ವಿಗ್ರಹವನ್ನೂ ಅಲ್ಲಿಯ ಶಾಸನಗಳನ್ನೂ ಕುರಿತು ವಿದ್ವಾಂಸರು ಬರೆದಿರುವರು. ಆದರೆ ಆ ಸೀಮೆಯ ಆಚಾರನಿಷ್ಠರಾದ ಶ್ರಾವಕರ ಅಡಿಗೆಯ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ಕಟ್ಟಳೆಯೊಂದು ಇತಿಹಾಸಕಾರರ ಗಮನಕ್ಕೆ ಅಷ್ಟಾಗಿ ಬಂದಂತೆ ತೋರುವುದಿಲ್ಲ. ಹೆಪ್ಪು ಹಾಕಿದ ಮೊಸರಿಗೆ ಇಂತಿಷ್ಟೇ ಹೊತ್ತು ಎಂಬ ಅವಧಿಯುಂಟು. ಅದು ಮೀರಿದ ಮೇಲೆ ಆ ಮೊಸರು ರುಚಿಯಾಗಿದ್ದರೂ ಭೋಜ್ಯವಲ್ಲ. ಹಾಲಿಗೆ, ಹಿಟ್ಟಿಗೆ, ಸೋಸಿದ ನೀರಿಗೆ ಸಹ ಇಂತಹ ಅವಧಿಗಳಿವೆ. ಈ ಅವಧಿಗೆ ಜೈನಾಚಾರದಲ್ಲಿ ‘ಮರ್ಯಾದೆ’ ಎಂಬುದೇ ಹೆಸರು. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಎಲ್ಲೆ, ಮೇರೆ ಎಂಬುದು ಮೊದಲ ಅರ್ಥ; ಕನ್ನಡದಲ್ಲಿ ಬಳಕೆಯಾಗುವ ಗೌರವವೆಂಬ ಅರ್ಥವು ಅದರಿಂದ ಹುಟ್ಟಿದುದು.

ಈ ಕಟ್ಟಳೆಯನ್ನು ಆಧಾರವಾಗಿಟ್ಟುಕೊಂಡು ಈಚೆಗೆ ಸಭೆಗಳಲ್ಲಿಯೂ ಬರೆಹಗಳಲ್ಲಿಯೂ ಒಂದು ಮಾತು ಕೇಳಿಬರುವುದು. ಆಗಮಗಳ ‘ನಿಗೋದ’ವೆಂದರೆ ಇಂದಿನ ವಿಜ್ಞಾನಿಗಳು ಹೇಳುವ ಬ್ಯಾಕ್ಟೀರಿಯವೇ, ವೈದ್ಯಗ್ರಂಥಗಳು ಹೊಗಳುವ ತಕ್ರವೆಂದರೆ ಆಂಟಿಬಯೊಟಿಕ್ ಔಷಧವೇ, ಪೂರ್ವಿಕರು ಇದೆಲ್ಲವನ್ನೂ ತಿಳಿದಿದ್ದರು ಎಂಬುದು ಆ ಮಾತು. ಇದಕ್ಕೆ ಎದುರಾಗಿ, ಹಳೆಯ ಗ್ರಂಥಗಳಲ್ಲಿ ಇರುವುದೆಲ್ಲವೂ ಮಡಿಮೈಲಿಗೆಯ ನಂಬಿಕೆ ಮಾತ್ರವೆಂದು ತಳ್ಳಿಬಿಡುವವರೂ ಇರುವರು. ಈ ಎರಡು ಪಕ್ಷಗಳನ್ನೂ ಆಕರಗಳಿಂದಲೇ ಪರೀಕ್ಷಿಸಿ, ಜೀವಾಣುಗಳಿಂದ ಹುಟ್ಟುವ ನಿರೋಧಕದ್ರವ್ಯಗಳ ಚರಿತ್ರೆಯೊಡನೆ ಹೋಲಿಸುವುದು ಪ್ರಕೃತ ಲೇಖನದ ಉದ್ದೇಶ. ಬ್ಯಾಕ್ಟೀರಿಯವೆಂಬ ಏಕಕೋಶದ ಅಣುಜೀವಿಯನ್ನು ಇಲ್ಲಿ ‘ಜೀವಾಣು’ವೆಂದೂ, ಆಂಟಿಬಯೊಟಿಕ್ಕನ್ನು ‘ಪ್ರತಿಜೈವಿಕ’ವೆಂದೂ ಕರೆದಿದೆ.

ಇದು ಕೇವಲ ಪಂಡಿತರ ವಿವಾದವಲ್ಲ. ಪ್ರತಿಜೈವಿಕಗಳಿಗೆ ಬಗ್ಗದ ರೋಗಾಣುಗಳ ದೆಸೆಯಿಂದಲೇ ೨೦೧೯ರಲ್ಲಿ ಲೋಕದಲ್ಲಿ ಸುಮಾರು ೧೨ ಲಕ್ಷ ೭೦ ಸಾವಿರ ಜನರು ಸತ್ತರೆಂದು ೨೦೨೨ರಲ್ಲಿ ಪ್ರಕಟವಾದ ಗಣನೆಯು ತಿಳಿಸುವುದು. ಹಳೆಯ ಮದ್ದುಗಳು ಕೆಲಸಮಾಡದಿರುವಲ್ಲಿ ಹೊಸತನ್ನು ಹುಡುಕುವವರು ಮಣ್ಣಿನ ಕಡೆಗೂ ಮೊಸರಿನ ಕಡೆಗೂ ತಿರುಗಿರುವರು. ಇಂತಹ ಸಮಯದಲ್ಲಿ ಗ್ರಂಥಾರ್ಥವನ್ನು ತಪ್ಪಾಗಿ ಹೇಳಿದರೆ ಅದರ ಫಲವು ರೋಗಿಯ ಮೇಲೆ ಬೀಳುವುದು.

(೨)

ಹಾಲಿಗೆ ಹೆಪ್ಪು ಹಾಕುವ ವಿಚಾರವು ವೇದದಷ್ಟು ಹಳೆಯದು. ದರ್ಶಯಾಗದಲ್ಲಿ ಇಂದ್ರನಿಗೆ ಅರ್ಪಿಸುವ ಸಾನ್ನಾಯ್ಯಕ್ಕಾಗಿ ಹಾಲನ್ನು ಹೆಪ್ಪುಗೊಳಿಸುವ ಕ್ರಮವನ್ನು ತೈತ್ತಿರೀಯಸಂಹಿತೆಯ ಎರಡನೆಯ ಕಾಂಡವು ವಿವರಿಸುವುದು. ಹೆಪ್ಪಿಗೆ ಅಲ್ಲಿ ‘ಆತಂಚನ’ವೆಂದು ಹೆಸರು. ಪೂತೀಕವೆಂಬ ಸಸ್ಯ, ಪರ್ಣವೃಕ್ಷದ ತೊಗಟೆ, ಬೋರೆಯ ಹಣ್ಣು, ಅಕ್ಕಿ ಮೊದಲಾದವನ್ನು ಒಂದೊಂದಾಗಿ ಹೆಸರಿಸಿ, ಒಂದೊಂದಕ್ಕೂ ಒಬ್ಬೊಬ್ಬ ದೇವತೆಯ ಅಥವಾ ಒಂದೊಂದು ವರ್ಗದ ಸಂಬಂಧವನ್ನು ಹೇಳಿ, ಕಡೆಗೆ ಮೊಸರಿನಿಂದಲೇ ಹೆಪ್ಪು ಹಾಕಬೇಕೆಂದು ಸಂಹಿತೆಯು ನಿರ್ಣಯಿಸುವುದು.

ಈ ಭಾಗದಿಂದ ಎರಡು ಸಂಗತಿಗಳು ತಿಳಿಯುವುವು. ಹಾಲನ್ನು ಒಡೆಸುವ ಅಥವಾ ಹುಳಿಗೊಳಿಸುವ ಹಲವು ದ್ರವ್ಯಗಳು ಆ ಕಾಲದವರ ಅನುಭವಕ್ಕೆ ಬಂದಿದ್ದುವು ಎಂಬುದು ಒಂದು. ಹಳೆಯ ಮೊಸರು ತನ್ನಂತಹುದೇ ಹೊಸ ಮೊಸರನ್ನು ತಪ್ಪದೆ ಕೊಡುವುದೆಂಬ ನಿಶ್ಚಯವು ಅವರಿಗಿತ್ತು ಎಂಬುದು ಇನ್ನೊಂದು. ಆದರೆ ಮೊಸರೇ ಏಕೆ ಎಂಬ ಪ್ರಶ್ನೆಗೆ ಸಂಹಿತೆಯು ಕೊಡುವ ಉತ್ತರವು ಇಂದ್ರಸಂಬಂಧವೇ ಹೊರತು ಜೀವಿಸಂಬಂಧವಲ್ಲ. ಕಾರ್ಯದ ತಿಳಿವಳಿಕೆ ಇದ್ದಿತು. ಕಾರಣದ ತಿಳಿವಳಿಕೆ ಬೇರೊಂದು ಜಾತಿಯದಾಗಿದ್ದಿತು. ಮುಂದೆ ಬರುವ ಆಕರಗಳನ್ನು ಓದುವಾಗಲೂ ಈ ಭೇದವನ್ನು ಮರೆಯಲಾಗದು.

(೩)

ಜೈನಾಕರಗಳಿಗೆ ಬರುವಲ್ಲಿ ವೇಣೂರಿಗೆ ಅನತಿದೂರದ ಮೂಡಬಿದಿರೆಯನ್ನು ನೆನೆಯದಿರುವಂತಿಲ್ಲ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯು ಕ್ರಿ. ಶ. ೮೧೬ರಲ್ಲಿ ಮುಗಿಯಿತೆಂಬುದು ಪ್ರಸಿದ್ಧ. ಅದರ ತಾಳೆಯೋಲೆಯ ಪ್ರತಿಗಳು ಶತಮಾನಗಳ ಕಾಲ ಉಳಿದುಬಂದುದು ಮೂಡಬಿದಿರೆಯ ಸಿದ್ಧಾಂತಬಸದಿಯಲ್ಲಿ. ಅಚ್ಚಿನಲ್ಲಿ ಆ ಗ್ರಂಥವು ೧೯೩೯ರಿಂದ ಸಂಪುಟ ಸಂಪುಟವಾಗಿ ಹೊರಬಂದಿತು. ನಿಗೋದಜೀವದ ವಿಚಾರವು ಈ ಆಗಮದಲ್ಲಿ ವಿಸ್ತಾರವಾಗಿದೆ. ಅನಂತ ಜೀವಗಳು ಒಂದೇ ಶರೀರವನ್ನು ಹಂಚಿಕೊಂಡು, ಅವುಗಳ ಆಹಾರವೂ ಉಸಿರೂ ಸಾಧಾರಣವಾಗಿ, ಒಡನೆ ಹುಟ್ಟಿ ಒಡನೆ ಸಾಯುವುವೆಂಬುದು ಅದರ ಸಾರ.

ಕಣ್ಣಿಗೆ ಕಾಣದ ಜೀವರಾಶಿಯ ಕಲ್ಪನೆಯು ಇಷ್ಟು ಸ್ಪಷ್ಟವಾಗಿ ಒಂಬತ್ತನೆಯ ಶತಮಾನಕ್ಕೆ ಮೊದಲೇ ಇದ್ದುದು ಆಶ್ಚರ್ಯಕರವೇ ಸರಿ. ಆದರೂ ನಿಗೋದವನ್ನು ಜೀವಾಣುವೆಂದು ಹೇಳಲು ಲಕ್ಷಣವು ಒಪ್ಪುವುದಿಲ್ಲ. ಆಗಮವು ನಿಗೋದವನ್ನು ವನಸ್ಪತಿಕಾಯದಲ್ಲಿ, ಏಕೇಂದ್ರಿಯವರ್ಗದಲ್ಲಿ ಸೇರಿಸುವುದು. ಒಂದು ಶರೀರದಲ್ಲಿ ಅನಂತಜೀವಗಳೆಂಬುದು ಎಣಿಕೆಗೆ ಮೀರಿದುದೆಂಬ ಅರ್ಥದ ಪಾರಿಭಾಷಿಕವಚನ; ಜೀವಾಣುವಾದರೋ ಒಂದು ಕೋಶಕ್ಕೆ ಒಂದೇ ಜೀವ, ಎಣಿಸಬಹುದಾದುದು. ಎಲ್ಲಕ್ಕಿಂತ ಮುಖ್ಯವಾಗಿ, ನಿಗೋದವಿಚಾರದ ಪ್ರಯೋಜನವು ಕರ್ಮ ಮತ್ತು ಅಹಿಂಸೆಗಳ ನಿರೂಪಣೆ, ರೋಗದ ನಿದಾನವಲ್ಲ. ಲಕ್ಷಣವೂ ಪ್ರಯೋಜನವೂ ಬೇರೆಯಾದ ಎರಡು ವಸ್ತುಗಳನ್ನು ಸೂಕ್ಷ್ಮತ್ವವೆಂಬ ಒಂದು ಸಾಮ್ಯದಿಂದ ಅಭಿನ್ನವೆನ್ನುವುದು ತರ್ಕಕ್ಕೆ ನಿಲ್ಲದು.

ಆಹಾರದ ನಿಯಮಗಳು ಶ್ರಾವಕಾಚಾರಗ್ರಂಥಗಳಲ್ಲಿವೆ. ಹನ್ನೆರಡನೆಯ ಶತಮಾನದ ಹೇಮಚಂದ್ರನು ಯೋಗಶಾಸ್ತ್ರದಲ್ಲಿ ಕಾಯಿಸದ ಗೋರಸದೊಡನೆ ಬೆರೆಸಿದ ದ್ವಿದಳಧಾನ್ಯ, ‘ಪುಷ್ಪಿತ’ವಾದ ಅನ್ನ, ಎರಡು ದಿನ ಮೀರಿದ ಮೊಸರು, ಕೊಳೆತ ಅನ್ನ ಇವುಗಳನ್ನು ವರ್ಜ್ಯವೆಂದು ಒಟ್ಟಿಗೆ ಹೇಳುವನು. ಹದಿಮೂರನೆಯ ಶತಮಾನದ ದಿಗಂಬರ ವಿದ್ವಾಂಸ ಆಶಾಧರನು ಸಾಗಾರಧರ್ಮಾಮೃತದಲ್ಲಿ ಸಂಧಾನವನ್ನು, ಎಂದರೆ ಹುಳಿಯಲು ಇಟ್ಟ ಉಪ್ಪಿನಕಾಯಿ ಮೊದಲಾದುವನ್ನು, ಪೂರ್ತಿಯಾಗಿ ನಿಷೇಧಿಸಿ, ಮೊಸರು ಮಜ್ಜಿಗೆಗಳಿಗೆ ಎರಡು ದಿನಗಳ ಮೇರೆಯನ್ನು ಇಡುವನು. ಪುಷ್ಪಿತವೆಂದರೆ ಬೂಸು ಹಿಡಿದುದು. ಅನ್ನದ ಮೇಲಿನ ಬೂಸನ್ನು ಹೂವೆಂದು ಕರೆದ ಶಬ್ದವು, ಹಳಸಿದ ಅನ್ನದಲ್ಲಿ ಏನೋ ಬೆಳೆಯುತ್ತಿದೆ ಎಂಬುದನ್ನು ಆ ಶಾಸ್ತ್ರಕಾರರು ಕಣ್ಣಿಟ್ಟು ನೋಡಿದ್ದರೆಂಬುದಕ್ಕೆ ಸಾಕ್ಷಿ.

ಇಲ್ಲಿ ಗಮನಿಸಬೇಕಾದುದೇನೆಂದರೆ, ಈ ಶಾಸ್ತ್ರಕಾರರು ಮೊಸರನ್ನು ಔಷಧವೆಂದು ಹೊಗಳುವುದಕ್ಕಾಗಿ ಇದನ್ನು ಬರೆದುದಲ್ಲ. ಹುಳಿಯುವಿಕೆಯಲ್ಲಿ ಜೀವೋತ್ಪತ್ತಿಯಾಗುವುದೆಂಬ ಭಯದಿಂದ ಅದಕ್ಕೆ ಎಲ್ಲೆ ಹಾಕಿದರು. ಮೊಸರನ್ನು ಅವರು ಬಿಡಲಿಲ್ಲ, ಮಿತಿಯಲ್ಲಿ ಇಟ್ಟರು. ನಿಯಮದ ತಿರುಳು ಇದೇ.

(೪)

ವೈದ್ಯಗ್ರಂಥಗಳ ಮುಖವು ಬೇರೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅರ್ಶಸ್ಸು ಮತ್ತು ಗ್ರಹಣಿಗಳಿಗೆ ತಕ್ರವು ಪ್ರಧಾನವಾದ ಪಥ್ಯವೂ ಔಷಧವೂ ಆಗಿದೆ. ಅದೇ ಸಂಹಿತೆಯು ಸೂತ್ರಸ್ಥಾನದಲ್ಲಿ ರಾತ್ರಿಯಲ್ಲಿ ಮೊಸರನ್ನು ಉಣ್ಣಬಾರದೆಂದು ವಿಧಿಸುವುದು. ವಿಮಾನಸ್ಥಾನದಲ್ಲಿ ರಕ್ತದಲ್ಲಿರುವ ಕ್ರಿಮಿಗಳನ್ನು ಹೇಳುವಲ್ಲಿ, ಅವುಗಳಲ್ಲಿ ಕೆಲವು ಅತಿಸೂಕ್ಷ್ಮವಾದ ಕಾರಣ ಕಣ್ಣಿಗೆ ಕಾಣವೆಂಬ ಮಾತೂ ಉಂಟು. ಆದರೆ ತಕ್ರವು ಆ ಅದೃಶ್ಯಕ್ರಿಮಿಗಳನ್ನು ಕೊಲ್ಲುವುದರಿಂದ ಗುಣಕಾರಿ ಎಂದು ಚರಕನು ಹೇಳಿಲ್ಲ. ಅದರ ಗುಣವನ್ನು ಅವನು ದೀಪನ, ಗ್ರಾಹಿ, ಲಘುತ್ವಗಳಿಂದ, ಎಂದರೆ ಜಠರಾಗ್ನಿಯ ದೃಷ್ಟಿಯಿಂದ ವಿವರಿಸುವನು. ಎರಡು ಸ್ಥಾನಗಳ ಎರಡು ಮಾತುಗಳನ್ನು ಜೋಡಿಸಿ ಮೂರನೆಯದೊಂದು ಸಿದ್ಧಾಂತವನ್ನು ಚರಕನ ತಲೆಗೆ ಕಟ್ಟುವುದು ವ್ಯಾಖ್ಯಾನವಲ್ಲ.

ರಾಷ್ಟ್ರಕೂಟ ನೃಪತುಂಗನ ಕಾಲದವನೆಂದು ಎಣಿಸಲಾಗುವ ಉಗ್ರಾದಿತ್ಯನ ಕಲ್ಯಾಣಕಾರಕವು ಈ ಎರಡು ಸಂಪ್ರದಾಯಗಳ ನಡುವೆ ನಿಂತ ಗ್ರಂಥ. ಜೈನನಾದ ಈ ವೈದ್ಯನು ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ಹೇಳಿದನು. ಹುಳಿಯ ಶಕ್ತಿಯನ್ನು ವೈದ್ಯನು ಬಯಸಿದರೆ ಶ್ರಾವಕನು ಅಂಜಿದನು. ಒಂದೇ ವಸ್ತುವಿನ ಎರಡು ಮುಖಗಳನ್ನು ಇಬ್ಬರೂ ಸರಿಯಾಗಿಯೇ ಕಂಡಿದ್ದರು.

ಕನ್ನಡದಲ್ಲಿ ಹುಳಿಯ ಪ್ರಯೋಗವು ಅಡಿಗೆಯ ಗ್ರಂಥಗಳಲ್ಲಿ ಹೆಚ್ಚು ಬೆಳಕಿಗೆ ಬರುವುದು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಸುಮಾರು ೧೦೨೫ರ ಎರಡನೆಯ ಚಾವುಂಡರಾಯನ ಲೋಕೋಪಕಾರವು ಅದರ ಪಾಕವನ್ನು ಹೇಳುವುದು: ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ಅರೆದು, ಮೊಸರಿನ ತಿಳಿನೀರನ್ನೂ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನೂ ಸೇರಿಸುವುದು. ಅಕ್ಕಿಯೊಡನೆ ಉದ್ದನ್ನು ಅರೆದು ರಾತ್ರಿಯೆಲ್ಲ ಹುದುಗೆಬ್ಬಿಸುವ ಇಂದಿನ ಕ್ರಮವು ಅಲ್ಲಿ ಕಾಣುವುದಿಲ್ಲ. ಮೊಸರಿನ ತಿಳಿನೀರು ಎಂಬ ಮಾತು ಮಾತ್ರ ಗಮನಾರ್ಹ. ಮುಂದೆ ಹೇಳುವ ದ್ರವ್ಯಗಳು ಇಂತಹ ನೀರಿನಲ್ಲಿಯೇ ಕರಗಿರುವುದು ಸಾಧ್ಯ. ಸಾಧ್ಯವೆಂದಿಷ್ಟೇ ಹೇಳಬಹುದು, ಎಲ್ಲ ಹೆಪ್ಪಿನಲ್ಲಿಯೂ ಅವು ಇರುವುದಿಲ್ಲ.

(೫)

ಇನ್ನು ಜೀವಾಣುವಿಜ್ಞಾನದ ಚರಿತ್ರೆ. ಹಾಲೆಂಡಿನ ಲೇವನ್‌ಹುಕನು ೧೬೭೬ರ ಪತ್ರದಲ್ಲಿ ತಾನು ಮಸೂರದಲ್ಲಿ ಕಂಡ ಅಣುಜೀವಿಗಳನ್ನು ವರ್ಣಿಸಿದನು. ಹಾಲು ಹುಳಿಯುವುದು ಜೀವಿಗಳ ಕೆಲಸವೆಂದು ಫ್ರಾನ್ಸಿನ ಪಾಶ್ಚರನು ೧೮೫೭ರಲ್ಲಿ ತೋರಿಸಿದನು. ಆ ಜೀವಾಣುವನ್ನು ಬೇರೆ ಯಾವುದೂ ಸೇರದಂತೆ ಶುದ್ಧವಾಗಿ ಬೆಳೆಯಿಸಿದ ಕೀರ್ತಿಯು ಇಂಗ್ಲಿಷ್ ಶಸ್ತ್ರವೈದ್ಯ ಲಿಸ್ಟರನಿಗೆ ಸಲ್ಲುವುದು (೧೮೭೮). ಅದರ ಇಂದಿನ ಹೆಸರು ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್.

ಜೀವಾಣುಗಳು ಒಂದನ್ನೊಂದು ಅಡಗಿಸುವುವು ಎಂಬ ಸಂಗತಿಯೂ ಆ ಕಾಲದಲ್ಲಿಯೇ ಕಂಡುಬಂದಿತು. ನೆರಡಿರೋಗದ ಜೀವಾಣುವನ್ನು ಇತರ ಸಾಮಾನ್ಯ ಜೀವಾಣುಗಳು ಬೆಳೆಯಗೊಡವೆಂದು ಪಾಶ್ಚರ್ ಮತ್ತು ಜೂಬರ್ ೧೮೭೭ರಲ್ಲಿ ಹೇಳಿದರು. ೧೮೯೯ರಲ್ಲಿ ಜರ್ಮನಿಯ ಎಮ್ಮೆರಿಖ್ ಮತ್ತು ಲೋವ್ ಎಂಬವರು ಹಸಿರು ಕೀವಿನ ಜೀವಾಣುವಿನಿಂದ ‘ಪಯೋಸಯನೇಸ್’ ಎಂಬ ದ್ರವ್ಯವನ್ನು ತೆಗೆದು ರೋಗಿಗಳಿಗೆ ಪ್ರಯೋಗಿಸಿದರು. ಅದರ ಗುಣವು ಒಂದೇ ಸಮನಾಗಿರದೆ, ವಿಷದೋಷವೂ ಇದ್ದುದರಿಂದ ಅದು ಬಳಕೆ ತಪ್ಪಿತು. ೧೯೨೫ರಲ್ಲಿ ಬೆಲ್ಜಿಯಮ್ ದೇಶದ ಗ್ರಾಟಿಯನು ಕರುಳಿನ ಜೀವಾಣುವೊಂದು ತನ್ನ ದಾಯಾದಿಯನ್ನು ಕೊಲ್ಲುವ ದ್ರವ್ಯವನ್ನು ಸುರಿಸುವುದನ್ನು ಕಂಡನು. ಇಂತಹ ದ್ರವ್ಯಗಳಿಗೆ ೧೯೫೩ರಲ್ಲಿ ‘ಬ್ಯಾಕ್ಟೀರಿಯೊಸಿನ್’ ಎಂಬ ಸಾಮಾನ್ಯನಾಮವು ಬಂದಿತು.

೧೯೨೮ನೆಯ ವರ್ಷವು ಈ ಚರಿತ್ರೆಯಲ್ಲಿ ವಿಶೇಷವಾದುದು. ಫ್ಲೆಮಿಂಗನು ಬೂಸಿನಲ್ಲಿ ಪೆನಿಸಿಲಿನ್ನನ್ನು ಕಂಡುದು ಆ ವರ್ಷ. ಹಾಲಿನ ಜೀವಾಣುವು ಇತರ ಜೀವಾಣುಗಳನ್ನು ತಡೆಯುವುದೆಂದು ಅಮೆರಿಕದ ರಾಜರ್ಸನು ಪ್ರಕಟಿಸಿದುದೂ ಆ ವರ್ಷವೇ. ಮೊದಲನೆಯದನ್ನು ಲೋಕವೆಲ್ಲ ಬಲ್ಲುದು, ಎರಡನೆಯದು ಹಾಲಿನ ಉದ್ಯಮದವರಲ್ಲಿಯೇ ಉಳಿಯಿತು. ೧೯೪೭ರಲ್ಲಿ ಮ್ಯಾಟಿಕ್ ಮತ್ತು ಹಿರ್ಷ್ ಎಂಬವರು ಆ ದ್ರವ್ಯಕ್ಕೆ ‘ನಿಸಿನ್’ ಎಂದು ಹೆಸರಿಟ್ಟರು. ೧೯೬೯ರಲ್ಲಿ ಅಂತರರಾಷ್ಟ್ರೀಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞಸಮಿತಿಯು ಅದನ್ನು ಆಹಾರರಕ್ಷಕವಾಗಿ ಒಪ್ಪಿತು. ಅಮೆರಿಕವು ೧೯೮೮ರಲ್ಲಿ ಒಪ್ಪಿತು.

ಒಂದು ಭ್ರಾಂತಿಯನ್ನು ಇಲ್ಲಿಯೇ ನಿವಾರಿಸಬೇಕಾಗಿದೆ. ಜೀವಾಣುಜನ್ಯವೆಂಬುದೇ ಹೊಸತನವಲ್ಲ. ಡ್ಯೂಬೋ ೧೯೩೯ರಲ್ಲಿ ಮಣ್ಣಿನ ಜೀವಾಣುವಿನಿಂದ ತೆಗೆದ ಟೈರೋಥ್ರಿಸಿನ್, ವಾಕ್ಸ್‌ಮನ್ನನ ಪ್ರಯೋಗಶಾಲೆಯಲ್ಲಿ ೧೯೪೩ರಲ್ಲಿ ದೊರೆತ ಸ್ಟ್ರೆಪ್ಟೊಮೈಸಿನ್ ಇವೂ ಜೀವಾಣುಜನ್ಯಗಳೇ. ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೊಟಿಕ್ಸ್ ಸಂಸ್ಥೆಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದ ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್ಯರು ಬೆಳಕಿಗೆ ತಂದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವೂ ಅಂತಹ ಮಣ್ಣಿನ ಜೀವಾಣುವಿನಿಂದಲೇ ಬಂದುದು. ಬ್ಯಾಕ್ಟೀರಿಯೊಸಿನ್ನುಗಳ ವಿಶೇಷವು ಅವುಗಳ ರಚನೆಯಲ್ಲಿಯೂ ವ್ಯಾಪ್ತಿಯಲ್ಲಿಯೂ ಇದೆ.

ನಿಸಿನ್ ೩೪ ಅಮೈನೋ ಆಮ್ಲಗಳ ಒಂದು ಚಿಕ್ಕ ಸರಪಣಿ. ಹಾಲು ಮೊಟ್ಟೆಗಳ ಸಾರಾಂಶದಂತೆ ಅದೂ ಪ್ರೋಟೀನ್ ಜಾತಿಯದು. ಜೀವಾಣುವು ತನ್ನ ಕೋಶದ ಗೋಡೆಯನ್ನು ಕಟ್ಟುವುದಕ್ಕೆ ಬೇಕಾದ ತುಂಡುಗಳನ್ನು ಹೊತ್ತು ತರುವ ‘ಲಿಪಿಡ್-೨’ ಎಂಬ ಅಣುವನ್ನು ನಿಸಿನ್ ಹಿಡಿದುಕೊಳ್ಳುವುದು. ಇದರಿಂದ ಗೋಡೆಯ ಕೆಲಸವು ನಿಲ್ಲುವುದು. ಅದಲ್ಲದೆ ಅದೇ ಎಡೆಯಲ್ಲಿ ಪೊರೆಗೆ ರಂಧ್ರವುಂಟಾಗಿ ಒಳಗಿನ ಸಾರವು ಸೋರಿಹೋಗುವುದು. ಅದನ್ನು ಹುಟ್ಟಿಸುವ ಜೀವಾಣುವು ತನ್ನ ರಕ್ಷಣೆಗೆ ಬೇರೊಂದು ಪ್ರೋಟೀನನ್ನು ಇಟ್ಟುಕೊಂಡಿರುವುದು. ಬಹುಮಟ್ಟಿನ ಬ್ಯಾಕ್ಟೀರಿಯೊಸಿನ್ನುಗಳು ಹತ್ತಿರದ ಜಾತಿಗಳನ್ನೇ ಕೊಲ್ಲುವುವು. ವ್ಯಾಪಕವಾದ ಪ್ರತಿಜೈವಿಕವು ಕರುಳಿನ ಹಿತಕರ ಜೀವಾಣುಗಳನ್ನೂ ಹಾಳುಗೆಡಹುವಲ್ಲಿ, ಗುರಿಯೊಂದನ್ನೇ ಹೊಡೆಯುವ ದ್ರವ್ಯವು ಮೇಲೆಂದು ಎಣಿಸುವುದು ಸಹಜ.

ಮಿತಿಗಳೂ ಸ್ಪಷ್ಟವಾಗಿವೆ. ಹೊರಗೊಂದು ಹೆಚ್ಚಿನ ಪೊರೆಯುಳ್ಳ ಜೀವಾಣುಗಳ ಮೇಲೆ ನಿಸಿನ್ನಿನ ಆಟವು ಸಾಮಾನ್ಯವಾಗಿ ಸಾಗದು. ಪ್ರೋಟೀನಾದುದರಿಂದ ಅದು ಜೀರ್ಣಾಂಗದಲ್ಲಿ ಕರಗಿಹೋಗುವುದು. ಆಹಾರದಲ್ಲಿ ಅದು ನಿರಪಾಯವಾಗಿರುವುದಕ್ಕೂ, ಗುಳಿಗೆಯಾಗಿ ನುಂಗಿ ರಕ್ತದ ರೋಗವನ್ನು ಗುಣಪಡಿಸಲಾಗದಿರುವುದಕ್ಕೂ ಇದೊಂದೇ ಕಾರಣ. ಮೊಸರು ಕೆಡದೆ ನಿಲ್ಲುವುದಕ್ಕಾದರೂ ಮೊದಲ ಕಾರಣವು ಹುಳಿಯಾದ ಲ್ಯಾಕ್ಟಿಕ್ ಆಮ್ಲ. ಬ್ಯಾಕ್ಟೀರಿಯೊಸಿನ್ ಇದ್ದರೆ ಅದರ ಸಹಾಯಕ.

(೬)

ಕರ್ಣಾಟಕದಲ್ಲಿ ಈ ವಿಷಯದ ಕೆಲಸವು ಮೈಸೂರಿನಲ್ಲಿ ನೆಲೆಗೊಂಡಿತು. ೧೯೫೦ರಲ್ಲಿ ಚೆಲುವಾಂಬಾ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಹುಳಿಜೀವಾಣುಗಳ ಬ್ಯಾಕ್ಟೀರಿಯೊಸಿನ್ನುಗಳನ್ನು ವರ್ಷಗಳಿಂದ ಪರೀಕ್ಷಿಸುತ್ತ ಬಂದಿರುವರು. ೨೦೦೫ರಲ್ಲಿ ಅವರು ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಹುಳಿಯಲು ಇಟ್ಟ ಸೌತೆಕಾಯಿಯು ‘ಪೀಡಿಯೊಸಿನ್’ ಬಗೆಯ ದ್ರವ್ಯವನ್ನು ಹುಟ್ಟಿಸುವ ಜೀವಾಣುಗಳಿಗೆ ಒಳ್ಳೆಯ ಆಕರವೆಂದು ತೋರಿಸಲಾಗಿದೆ. ಆಹಾರದ ಮೂಲಕ ಹರಡಿ ಗರ್ಭಿಣಿಯರಿಗೂ ಮುದುಕರಿಗೂ ಅಪಾಯಕಾರಿಯಾದ ಲಿಸ್ಟೀರಿಯವನ್ನು ಪೀಡಿಯೊಸಿನ್ ಕೊಲ್ಲುವುದು. ಆಶಾಧರನು ಸಂಧಾನವೆಂದು ನಿಷೇಧಿಸಿದ ವಸ್ತುವರ್ಗದಲ್ಲಿಯೇ ಇದು ದೊರೆತುದನ್ನು ಗಮನಿಸಬೇಕು. ಹಳೆಯ ಗ್ರಂಥದಲ್ಲಿ ಇದು ಮೊದಲೇ ಹೇಳಿದ್ದಿತೆನ್ನುವವರಿಗೆ ಈ ಒಂದು ಉದಾಹರಣೆಯೇ ಉತ್ತರ.

ವೇಣೂರಿನ ಫಲ್ಗುಣಿಯು ಕಡಲು ಸೇರುವ ಮಂಗಳೂರಿನಲ್ಲಿ, ೧೯೬೯ರಲ್ಲಿ ಸ್ಥಾಪಿತವಾದ ಮೀನುಗಾರಿಕಾ ಕಾಲೇಜಿನ ಸಂಶೋಧಕರು ಇನ್ನೊಂದು ದಾರಿಯನ್ನು ಹಿಡಿದರು. ಸೀಗಡಿಯ ಮರಿಗಳನ್ನು ಕೊಲ್ಲುವ ಜೀವಾಣುವನ್ನು ಪ್ರತಿಜೈವಿಕವಿಲ್ಲದೆ ಜೀವಾಣುಭಕ್ಷಕ ವೈರಾಣುವಿನಿಂದ ಅಡಗಿಸುವ ಪ್ರಯೋಗವನ್ನು ಅವರು ೨೦೦೭ರಲ್ಲಿ ಪ್ರಕಟಿಸಿದರು. ಸಾಧನವು ಬೇರೆಯಾದರೂ ಪ್ರೇರಣೆಯು ಒಂದೇ: ಮದ್ದನ್ನು ಮಿತಿಯಿಲ್ಲದೆ ಸುರಿದುದರ ಫಲ.

ಆ ಫಲಕ್ಕೆ ಕೊಲಿಸ್ಟಿನ್ನಿನ ಚರಿತ್ರೆಯು ನಿದರ್ಶನ. ೧೯೪೦ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಮಣ್ಣಿನ ಜೀವಾಣುವಿನಿಂದ ದೊರೆತ ಈ ಔಷಧವು ಮೂತ್ರಪಿಂಡಗಳಿಗೆ ಕೇಡು ಮಾಡುವುದೆಂದು ಮನುಷ್ಯರ ಚಿಕಿತ್ಸೆಯಲ್ಲಿ ಹಿಂದೆ ಸರಿಯಿತು. ಬೇರೆ ಮದ್ದುಗಳೆಲ್ಲ ಸೋತಮೇಲೆ ಕಟ್ಟಕಡೆಯ ಆಯುಧವಾಗಿ ಅದನ್ನೇ ಮತ್ತೆ ಕೈಗೆತ್ತಿಕೊಳ್ಳಬೇಕಾಯಿತು. ಅಷ್ಟರಲ್ಲಿ ಕೋಳಿ ಹಂದಿಗಳು ಬೇಗನೆ ಕೊಬ್ಬಲೆಂದು ಮೇವಿನಲ್ಲಿ ಅದನ್ನು ಬೆರೆಸುವ ಪದ್ಧತಿಯು ಹಲವು ದೇಶಗಳಲ್ಲಿ ಬೆಳೆದಿದ್ದಿತು. ಒಂದು ಜೀವಾಣುವಿನಿಂದ ಇನ್ನೊಂದಕ್ಕೆ ಸುಲಭವಾಗಿ ದಾಟಬಲ್ಲ ಕೊಲಿಸ್ಟಿನ್ ನಿರೋಧದ ಗುಣಾಣುವೊಂದು ಚೀನದಲ್ಲಿ ದೊರೆತ ವಾರ್ತೆಯು ೨೦೧೫ರಲ್ಲಿ ಪ್ರಕಟವಾಯಿತು. ಭಾರತಸರ್ಕಾರವು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ೨೦೧೯ರ ಜುಲೈ ತಿಂಗಳಲ್ಲಿ ನಿಷೇಧಿಸಿತು. ಫ್ಲೆಮಿಂಗನು ೧೯೪೫ರ ತನ್ನ ನೊಬೆಲ್ ಉಪನ್ಯಾಸದಲ್ಲಿಯೇ ಅಳತೆಗೆಟ್ಟ ಸೇವನೆಯಿಂದ ನಿರೋಧವು ಹುಟ್ಟುವುದೆಂದು ಎಚ್ಚರಿಸಿದ್ದನು. ಎಚ್ಚರಿಕೆಯ ಕೊರತೆ ಇರಲಿಲ್ಲ. ಮೇರೆಯನ್ನು ಪಾಲಿಸುವವರ ಕೊರತೆ ಇದ್ದಿತು. ಬ್ಯಾಕ್ಟೀರಿಯೊಸಿನ್ನುಗಳಿಗೂ ಇದೇ ಗತಿ ಬಾರದೆಂದು ಹೇಳಲು ಕಾರಣವಿಲ್ಲ. ನಿಸಿನ್ನಿಗೆ ಬಗ್ಗದ ತಳಿಗಳು ಪ್ರಯೋಗಶಾಲೆಗಳಲ್ಲಿ ಆಗಲೇ ಕಂಡುಬಂದಿವೆ.

(೭)

ಹಾಗಾದರೆ ಹಳೆಯ ಗ್ರಂಥಗಳಿಂದ ಏನೂ ಪ್ರಯೋಜನವಿಲ್ಲವೆ? ಇದಕ್ಕೆ ಹೊರದೇಶದ ಒಂದು ದೃಷ್ಟಾಂತವು ಉತ್ತರವನ್ನು ಕೊಡುವುದು. ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನ ವೈದ್ಯಗ್ರಂಥವೊಂದರಲ್ಲಿ ಕಣ್ಣಿನ ಕುರುವಿಗೆ ಹೇಳಿದ ಲೇಪವನ್ನು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಭಾಷಾವಿದ್ವಾಂಸರೂ ಜೀವಾಣುಶಾಸ್ತ್ರಜ್ಞರೂ ಕೂಡಿ ಅಕ್ಷರಶಃ ತಯಾರಿಸಿದರು. ಬೆಳ್ಳುಳ್ಳಿ, ಈರುಳ್ಳಿಯ ಜಾತಿಯದೊಂದು ಗಡ್ಡೆ, ದ್ರಾಕ್ಷಾಮದ್ಯ, ಎತ್ತಿನ ಪಿತ್ತ ಇವುಗಳನ್ನು ಬೆರೆಸಿ ಒಂಬತ್ತು ದಿನ ಇಡಬೇಕೆಂದು ಅಲ್ಲಿ ವಿಧಿಸಿದೆ. ಆ ಲೇಪವು ಔಷಧಗಳಿಗೆ ಬಗ್ಗದ ಕೀವಿನ ಜೀವಾಣುವನ್ನು ಪ್ರಯೋಗಶಾಲೆಯಲ್ಲಿ ಕೊಂದುದನ್ನು ಅವರು ೨೦೧೫ರಲ್ಲಿ ಪ್ರಕಟಿಸಿದರು. ಬಿಡಿ ಬಿಡಿ ದ್ರವ್ಯಗಳಿಗೆ ಆ ಬಲವು ಕಾಣಲಿಲ್ಲ. ಹಳೆಯ ಲೇಖಕನಿಗೆ ಜೀವಾಣುಗಳು ಗೊತ್ತಿದ್ದುವೆಂದು ಅವರಾರೂ ಹೇಳಲಿಲ್ಲ. ಪಾಠವನ್ನು ಶುದ್ಧವಾಗಿ ನಿರ್ಣಯಿಸಿದರು, ದ್ರವ್ಯನಾಮಗಳನ್ನು ಗುರುತಿಸಿದರು, ಅಳತೆಯನ್ನೂ ಅವಧಿಯನ್ನೂ ಹೇಳಿದಂತೆಯೇ ಪಾಲಿಸಿದರು. ತೀರ್ಪನ್ನು ಪ್ರಯೋಗಕ್ಕೆ ಬಿಟ್ಟರು.

ಕನ್ನಡದ ವಿದ್ವಾಂಸರಿಗೆ ಮಾಡಬೇಕಾದ ಕೆಲಸವು ಇಲ್ಲಿಯೇ ಇದೆ. ಲೋಕೋಪಕಾರ, ಕೀರ್ತಿವರ್ಮನ ಗೋವೈದ್ಯ, ಮಂಗರಾಜನ ಖಗೇಂದ್ರಮಣಿದರ್ಪಣ, ಮೂರನೆಯ ಮಂಗರಸನ ಸೂಪಶಾಸ್ತ್ರ ಇವುಗಳಲ್ಲಿ ಹುಳಿಯಿಸುವ, ಕೊಳೆಯಿಸುವ, ಇಂತಿಷ್ಟು ದಿನ ಇಡುವ ವಿಧಿಗಳು ಎಲ್ಲೆಲ್ಲಿ ಬರುವುವೋ ಅವೆಲ್ಲವನ್ನೂ ಪಾಠಾಂತರಸಹಿತವಾಗಿ ಪಟ್ಟಿಮಾಡಬೇಕು. ಸಸ್ಯನಾಮಗಳನ್ನೂ ಮಾನಗಳನ್ನೂ ಆಯಾ 

ಸೀಮೆಯ ಬಳಕೆಯಿಂದ ನಿಶ್ಚಯಿಸಬೇಕು. ವೇಣೂರು ಮೂಡಬಿದಿರೆಗಳ ಸೀಮೆಯ ಮನೆಗಳಲ್ಲಿ ವೃದ್ಧೆಯರು ಬಲ್ಲ ಮರ್ಯಾದಾಕ್ರಮವನ್ನು, ಯಾವ ಋತುವಿನಲ್ಲಿ ಯಾವುದಕ್ಕೆ ಎಷ್ಟು ಹೊತ್ತು ಎಂಬುದನ್ನು, ಅದು ಮರೆತುಹೋಗುವ ಮೊದಲೇ ಬರೆದಿಡಬೇಕು. ಶಬ್ದನಿರ್ಣಯವು ಪಂಡಿತನದು, ದ್ರವ್ಯನಿರ್ಣಯವು ಪ್ರಯೋಗಶಾಲೆಯದು. ಒಬ್ಬರು ಇನ್ನೊಬ್ಬರ ಕೆಲಸವನ್ನು ತಾವೇ ಮಾಡಿ ಮುಗಿಸಿದೆವೆನ್ನುವುದರಿಂದ ಎರಡೂ ಕೆಡುವುವು.

ಇಷ್ಟರಿಂದ ಸಿದ್ಧವಾದುದನ್ನು ಸಂಗ್ರಹಿಸಬಹುದು. ಪೂರ್ವಿಕರಿಗೆ ಜೀವಾಣುಗಳಾಗಲಿ ಅವುಗಳಿಂದ ಹುಟ್ಟುವ ನಿರೋಧಕದ್ರವ್ಯಗಳಾಗಲಿ ತಿಳಿದಿದ್ದುವೆಂಬುದಕ್ಕೆ ಆಕರಗಳಲ್ಲಿ ಪ್ರಮಾಣವಿಲ್ಲ. ಹೆಪ್ಪಿನ ಬಲವನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು. ಆ ಬಲವು ಹಿತವನ್ನೂ ಅಹಿತವನ್ನೂ ಮಾಡುವುದೆಂದರಿತು ಅದಕ್ಕೆ ಕಾಲದ ಎಲ್ಲೆಯನ್ನು ಕಟ್ಟಿದರು. ಇಂದಿನವರು ದ್ರವ್ಯವನ್ನು ಕಂಡುಹಿಡಿದರು, ಅದರ ಅಣುರಚನೆಯನ್ನು ಎಣಿಸಿದರು; ಎಲ್ಲೆಯನ್ನು ಮಾತ್ರ ಕಟ್ಟದೆ ಹೋದರು. ವೇಣೂರಿನ ಅಡಿಗೆಯ ಮನೆಯಲ್ಲಿ ಎರಡು ದಿನದ ಮೊಸರನ್ನು ಚೆಲ್ಲುವ ಗೃಹಿಣಿಯು ಜೀವಾಣುಶಾಸ್ತ್ರವನ್ನು ಓದಿದವಳಲ್ಲ. ಆದರೆ ಮರ್ಯಾದೆ ಮೀರಿದ ಒಳ್ಳೆಯ ವಸ್ತುವೂ ಒಳ್ಳೆಯದಾಗಿ ಉಳಿಯದೆಂಬುದನ್ನು ಅವಳು ನಿತ್ಯವೂ ಆಚರಿಸುತ್ತಿರುವಳು.